ಗಣಕ ಪರೀಕ್ಷೆಗೆ ಓದಿದವರು: ನಮ್ಮ ಸೀಮೆಯ ನಲವತ್ತು ವರ್ಷಗಳು

‘ಗಣಕ’ ಎಂಬ ಶಬ್ದವು ಯಂತ್ರಕ್ಕೆ ಹೆಸರಾಗುವುದಕ್ಕೆ ಬಹಳ ಮೊದಲೇ ಮನುಷ್ಯನಿಗೆ ಹೆಸರಾಗಿತ್ತು. ಲೆಕ್ಕ ಮಾಡುವವನು ಗಣಕ. ಗ್ರಹಗತಿಯ ಲೆಕ್ಕ ಹಾಕಿ ಪಂಚಾಂಗ ಬರೆಯುವವನೂ ಗಣಕ. ಇಂಗ್ಲಿಷಿನ ‘ಕಂಪ್ಯೂಟರ್’ ಎಂಬ ಮಾತಿನ ಕಥೆಯೂ ಇದೇ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅದು ಖಗೋಳ ವೀಕ್ಷಣಾಲಯಗಳಲ್ಲಿಯೂ ಸೈನ್ಯದ ಕಚೇರಿಗಳಲ್ಲಿಯೂ ಕುಳಿತು ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದ ಮನುಷ್ಯರ ಹುದ್ದೆಯ ಹೆಸರಾಗಿತ್ತು. ಅವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. 1946ರಲ್ಲಿ ಅಮೆರಿಕದ ಎನಿಯಾಕ್ ಯಂತ್ರವು ಲೋಕಕ್ಕೆ ಪರಿಚಯವಾದ ಮೇಲೆ ಆ ಹೆಸರು ನಿಧಾನವಾಗಿ ಮನುಷ್ಯನನ್ನು ಬಿಟ್ಟು ಯಂತ್ರಕ್ಕೆ ಅಂಟಿಕೊಂಡಿತು. ನಾವು ಕನ್ನಡದಲ್ಲಿ ಮೊದಲು ‘ಗಣಕಯಂತ್ರ’ ಎಂದೆವು. ಆಮೇಲೆ ಬಾಲವನ್ನು ಕತ್ತರಿಸಿ ‘ಗಣಕ’ ಎಂದೆವು. ಈಗ ಎಲ್ಲರೂ ಕಂಪ್ಯೂಟರ್ ಎನ್ನುತ್ತಾರೆ, ಆ ಮಾತಿಗೇ ಒಗ್ಗಿಹೋಗಿದ್ದಾರೆ.

ನೆಂಟರಿಷ್ಟರ ಮಕ್ಕಳು ಮನೆಗೆ ಬಂದಾಗ ಆಗಾಗ ಒಂದು ಪ್ರಶ್ನೆ ಕೇಳುವುದುಂಟು. “ಅಜ್ಜ, ಕಂಪ್ಯೂಟರ್ ಫಂಡಮೆಂಟಲ್ಸ್ ಪೇಪರಿಗೆ ಹೇಗೆ ಓದುವುದು?” ನಾನು ಕನ್ನಡ ಕಲಿಸಿದವನು. ಪ್ರೌಢಶಾಲೆಯ ಕರಿಹಲಗೆಯ ಮೇಲೆ ಗುರು ಲಘು ಹಾಕಿಯೇ ಕೈ ಸವೆಸಿದವನು. ಆದರೂ ಈ ಪ್ರಶ್ನೆಗೆ ನನ್ನಲ್ಲಿ ಒಂದು ಬಗೆಯ ಉತ್ತರವಿದೆ. ಏಕೆಂದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಮಕ್ಕಳು ಈ ಪರೀಕ್ಷೆಗೆ ಓದುವುದನ್ನು ನಲವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ರಾಜರ ಚರಿತ್ರೆಯನ್ನು ಬರೆಯುವವರಿದ್ದಾರೆ, ದೇವಸ್ಥಾನಗಳ ಚರಿತ್ರೆಯನ್ನು ಬರೆಯುವವರಿದ್ದಾರೆ. ಒಂದು ಪರೀಕ್ಷೆಯ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಬದುಕು ತಿರುಗಿದ್ದು ಮಾತ್ರ ಇಂಥ ಒಂದೊಂದು ಪರೀಕ್ಷೆಯ ಬಾಗಿಲಿನಲ್ಲಿ.

ನಮ್ಮ ಸೀಮೆಗೆ ಕಂಪ್ಯೂಟರ್ ಬ್ಯಾಂಕಿನ ಬಾಗಿಲಿನಿಂದ ಬಂದಿತು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಯೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯೂ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯು ಮುಂದೆ ಮಣಿಪಾಲದ ಗುಡ್ಡದ ಮೇಲೆ ನೆಲೆಗೊಂಡಿತು. (2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು, ಒಂದೇ ದಿನ ಎರಡು ಹೆಸರುಗಳು ಅಳಿಸಿಹೋದದ್ದಕ್ಕೆ ಈ ಊರಿನ ಹಳಬರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ.) 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯನ್ನು ನೀವೆಲ್ಲ ಬಲ್ಲಿರಿ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಉಳಿತಾಯ ಅದು. ಎರಡಾಣೆ ಸಣ್ಣದು, ಆದರೆ ಅದನ್ನು ಬರೆದಿಡುವ ಕೆಲಸ ಸಣ್ಣದಲ್ಲ. ಸಾವಿರಾರು ಮನೆಗಳ ಪ್ರತಿದಿನದ ಎರಡಾಣೆಗೆ ಸಾವಿರಾರು ಸಾಲುಗಳ ಲೆಡ್ಜರು ಬೇಕು, ಆ ಲೆಡ್ಜರಿಗೆ ಕೈಗಳು ಬೇಕು. ಹಾಗೆಂದೇ ನಮ್ಮಲ್ಲಿ ಮನೆಗೊಬ್ಬ ಬ್ಯಾಂಕ್ ಗುಮಾಸ್ತ ಇರುತ್ತಿದ್ದ ಕಾಲವೊಂದಿತ್ತು. ಹಳೆಯ ಅರ್ಥದ ಗಣಕರು ಇವರೇ.

ಆದುದರಿಂದ 1980ರ ದಶಕದಲ್ಲಿ ‘ಕಂಪ್ಯೂಟರ್’ ಎಂಬ ಮಾತು ನಮ್ಮ ಮನೆಗಳೊಳಗೆ ಪ್ರವೇಶಿಸಿದ್ದು ಒಂದು ಹೆದರಿಕೆಯಾಗಿ. 1983ರಲ್ಲಿ ಬ್ಯಾಂಕುಗಳ ಆಡಳಿತವರ್ಗಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಯಿತು. ಮರುವರ್ಷ ಡಾ. ಸಿ. ರಂಗರಾಜನ್ ಸಮಿತಿಯ ವರದಿ ಬಂದಿತು. 1989ರಲ್ಲಿ ಅವರದೇ ಎರಡನೆಯ ವರದಿ. 1993ರಲ್ಲಿ ಮತ್ತೊಂದು ಒಪ್ಪಂದ. ಶಾಖೆಗಳಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಕಾಣಿಸಿಕೊಂಡವು. ಕೆಲಸ ಹೋಗುತ್ತದೆಯೇ ಎಂಬುದು ದೊಡ್ಡವರ ಚಿಂತೆಯಾಗಿತ್ತು. ಹಾಗಾದರೆ ನಮ್ಮ ಮಗನಿಗೆ ಅದನ್ನೇ ಕಲಿಸಿಬಿಡೋಣ ಎಂಬುದು ಆ ಚಿಂತೆಗೆ ಅವರೇ ಕಂಡುಕೊಂಡ ಪರಿಹಾರವಾಗಿತ್ತು. ಹೆದರಿಕೆಯಿಂದಲೇ ಹುಟ್ಟಿದ ವಿದ್ಯಾಭ್ಯಾಸ ಇದು. ನಮ್ಮ ಕರಾವಳಿಯ ವ್ಯವಹಾರಬುದ್ಧಿಯ ಬಗ್ಗೆ ಯಾರಾದರೂ ಹೊಗಳಿದರೆ ನಾನು ಈ ಉದಾಹರಣೆಯನ್ನು ಕೊಡುತ್ತೇನೆ.

ಸರಕಾರವೂ ಸುಮ್ಮನಿರಲಿಲ್ಲ. 1984–85ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಪುಟ್ಟ ಗಣಕಗಳನ್ನು ಕೊಟ್ಟಿತು. ಅದರ ಸಾಮಾನ್ಯ ಮಾದರಿಯ ಸ್ಮರಣಶಕ್ತಿ 32 ಕಿಲೋಬೈಟ್ ಮಾತ್ರ. ಇನ್ನು ಮಣಿಪಾಲದಲ್ಲಿ 1957ರಿಂದಲೂ ಇಂಜಿನಿಯರಿಂಗ್ ಕಾಲೇಜಿತ್ತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇನ್ನೊಂದು ಆರಂಭವಾಯಿತು. ಆದರೆ ನಾನು ಕಲಿಸುತ್ತಿದ್ದ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಬಹುಪಾಲಿಗೆ ಆ ಕಾಲೇಜುಗಳು ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡಗಳಷ್ಟೇ ಆಗಿದ್ದವು.

ಅವರಿಗೆ ಒದಗಿದ್ದು ಬಸ್ ನಿಲ್ದಾಣದ ಹತ್ತಿರದ ಮಹಡಿಯ ಮೇಲಿನ ಕಂಪ್ಯೂಟರ್ ಸೆಂಟರ್. ಅದಕ್ಕೆ ಮೊದಲು ಅದೇ ಮಹಡಿಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು. ಜೂನಿಯರ್, ಸೀನಿಯರ್ ಎಂದು ಪರೀಕ್ಷೆಗಳು. ಸಂಜೆ ಐದಕ್ಕೆ ಕೆಳಗಿನ ರಸ್ತೆಗೂ ಕೇಳಿಸುತ್ತಿದ್ದ ಟಕಟಕ ಸದ್ದು. 1990ರ ದಶಕದಲ್ಲಿ ಆ ಸದ್ದು ಒಂದೊಂದೇ ಕೋಣೆಯಲ್ಲಿ ನಿಂತುಹೋಗಿ, ಹವಾನಿಯಂತ್ರಣದ ಗುಂಯ್‌ಗುಡುವಿಕೆ ಶುರುವಾಯಿತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಹೋಗಬೇಕಿತ್ತು. ದೇವರ ಕೋಣೆಗೂ ಕಂಪ್ಯೂಟರ್ ಕೋಣೆಗೂ ಒಂದೇ ಶಿಷ್ಟಾಚಾರ! ಧೂಳಿಗೆ ಹೆದರಿ ಮಾಡಿದ ನಿಯಮ ಅದು ಎಂದು ಅವರು ಹೇಳುತ್ತಿದ್ದರು. ಮಕ್ಕಳ ಮನಸ್ಸಿನಲ್ಲಿ ಮಾತ್ರ ಅದು ಮಡಿಯ ಭಾವವನ್ನೇ ಮೂಡಿಸಿತು. ಡಿಪ್ಲೊಮಾದ ಹೆಸರು ಡಿಸಿಎ, ಅದರ ಮೇಲಿನದು ಪಿಜಿಡಿಸಿಎ. ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯ ‘ಓ’ ಲೆವೆಲ್, ‘ಎ’ ಲೆವೆಲ್ ಪರೀಕ್ಷೆಗಳೂ 1990ರಿಂದ ಬಂದವು. ಎಲ್ಲಕ್ಕೂ ಮೊದಲ ಪತ್ರಿಕೆ ಒಂದೇ ಬಗೆಯದು: ಗಣಕದ ಮೂಲತತ್ತ್ವಗಳು.

ಆಗ ಕಾರ್ಕಳದ ಹುಡುಗನೊಬ್ಬ ಈ ಪತ್ರಿಕೆಗೆ ಓದುತ್ತಿದ್ದ ರೀತಿಯನ್ನು ಹೇಳುತ್ತೇನೆ. ಬೈಲೂರು, ಹಿರಿಯಡಕದ ದಾರಿಯಾಗಿ ಬರುವ ಬಸ್ಸಿನಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ಸೆಂಟರಿನಲ್ಲಿ ಇಬ್ಬರಿಗೆ ಒಂದು ಯಂತ್ರ, ಕರೆಂಟು ಇದ್ದರೆ ಒಂದು ಗಂಟೆ. ಉಳಿದದ್ದೆಲ್ಲ ನೋಟ್ಸು. ಗಣಕದ ತಂದೆ ಯಾರು? ಚಾರ್ಲ್ಸ್ ಬ್ಯಾಬೇಜ್. ಮೊದಲ ತಲೆಮಾರು ನಿರ್ವಾತ ಕೊಳವೆ, ಎರಡನೆಯದು ಟ್ರಾನ್ಸಿಸ್ಟರ್, ಮೂರನೆಯದು ಐಸಿ, ನಾಲ್ಕನೆಯದು ಮೈಕ್ರೋಪ್ರೊಸೆಸರ್. ಒಳಹೋಗುವುದು ಇನ್‌ಪುಟ್, ಹೊರಬರುವುದು ಔಟ್‌ಪುಟ್, ನಡುವೆ ಸಿಪಿಯು. ಅದರ ಚಿತ್ರ ಬರೆದು ಬಾಣದ ಗುರುತು ಹಾಕಿದರೆ ಐದು ಅಂಕ. ಈ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲವರಾಗಿದ್ದ ಎಷ್ಟೋ ಮಂದಿ ಒಂದು ಕಡತವನ್ನು ಫ್ಲಾಪಿಗೆ ನಕಲು ಮಾಡಲು ಅರಿಯದವರಾಗಿದ್ದರು. ಈಜುವ ಪರೀಕ್ಷೆಯನ್ನು ದಡದಲ್ಲಿ ಬರೆಸಿದಂತೆ. ಆ ಗೈಡುಗಳಲ್ಲಿ ಎನಿಯಾಕಿನ ತೂಕ ಎಷ್ಟು ಟನ್ನು ಎಂಬುದೆಲ್ಲ ಇರುತ್ತಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ಚಾಲನೆಗೆ ತಂದ ಟಿಫ್ರಾಕ್ ಎಂಬ ಗಣಕದ ಹೆಸರು ಮಾತ್ರ ನಾನು ನೋಡಿದ ಯಾವ ಗೈಡಿನಲ್ಲೂ ಇರಲಿಲ್ಲ.

ಬಾಯಿಪಾಠವನ್ನು ನಾನು ಪೂರ್ತಿಯಾಗಿ ಹಳಿಯುವವನಲ್ಲ. ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಯೇ ನಮ್ಮ ಹಿರಿಯರು ಬಾಳಿದರು. ಆದರೆ ಅವರು ತಮಗೆ ತಿಳಿಯುವ ದನಿಯಲ್ಲಿ ಬಾಯಿಪಾಠ ಮಾಡಿದರು. ನಮ್ಮ ಮಕ್ಕಳ ಕಷ್ಟ ಬೇರೆ. ಕಾಪುವಿನ ಕಡೆಯ ಒಬ್ಬಳು ಹುಡುಗಿ ನೆನಪಾಗುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತರ ಮೇಲೆ ತೆಗೆದವಳು. ಡಿಸಿಎಯ ಮೊದಲ ಪತ್ರಿಕೆಯಲ್ಲಿ ಅವಳು ಅನುತ್ತೀರ್ಣಳಾದಳು. ಪ್ರಶ್ನೆಪತ್ರಿಕೆ ಹಿಡಿದುಕೊಂಡು ಮನೆಗೆ ಬಂದು, “ಮಾಷ್ಟ್ರೇ, ಈಕ್ವಿವಲೆಂಟ್ ಅಂದ್ರೆ ಎಂತ?” ಎಂದು ಕೇಳಿದಳು. ದಶಮಾನ ಸಂಖ್ಯೆಯೊಂದಕ್ಕೆ ಸಮಾನವಾದ ದ್ವಿಮಾನ ಸಂಖ್ಯೆಯನ್ನು ಬರೆಯಿರಿ ಎಂಬುದು ಪ್ರಶ್ನೆ. ‘ಸಮಾನವಾದ’ ಎಂದು ನಾನು ಹೇಳಿದ ಮರುಕ್ಷಣ ಅವಳು ಅಲ್ಲಿಯೇ ಜಗಲಿಯಲ್ಲಿ ಕುಳಿತು ಲೆಕ್ಕ ಬಿಡಿಸಿ ತೋರಿಸಿದಳು. ಅವಳ ತಂದೆಯ ಒಂದು ತಿಂಗಳ ದುಡಿಮೆಗೆ ಸಮನಾದ ಶುಲ್ಕ ಹೋಯಿತು. ಮನೆಯಲ್ಲಿ ಎರಡನೆಯ ಸಲ ಕಟ್ಟುವ ಅನುಕೂಲವಿರಲಿಲ್ಲ. ಒಂದು ಶಬ್ದಕ್ಕೆ ತೆತ್ತ ಬೆಲೆ ಅದು.

ಆ ದಿನದಿಂದ ಈ ಪತ್ರಿಕೆಯ ಒಳಗೆ ಏನಿದೆ ಎಂದು ನಾನೂ ನೋಡತೊಡಗಿದೆ. ನೋಡಿದರೆ, ಅದರ ಅರ್ಧ ಭಾಗ ನಾನು ಒಂಬತ್ತನೆಯ ತರಗತಿಗೆ ಪ್ರತಿವರ್ಷ ಕಲಿಸುತ್ತಿದ್ದ ಪಾಠವೇ! ಛಂದಸ್ಸಿನ ಪಾಠ.

ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಮೂರು ಅಕ್ಷರಗಳ ಗಣ; ಪ್ರತಿಯೊಂದು ಅಕ್ಷರವೂ ಗುರು ಅಥವಾ ಲಘು; ಹಾಗಾಗಿ ಒಟ್ಟು ಎಂಟು ಗಣಗಳು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಗಣಕದ ಪುಸ್ತಕದಲ್ಲಿ ಇದೇ ಮಾತನ್ನು ‘ಮೂರು ಬಿಟ್‌ಗಳಿಂದ ಎಂಟು ಸಂಕೇತಗಳು’ ಎಂದು ಹೇಳಿರುತ್ತಾರೆ. ಗಣಗಳ ಹೆಸರನ್ನು ನೆನಪಿಡಲು ‘ಯಮಾತಾರಾಜಭಾನಸಲಗಂ’ ಎಂದು ಹೇಳಿಸುತ್ತಿದ್ದೆನಲ್ಲ? ಅದರ ಹತ್ತು ಅಕ್ಷರಗಳಲ್ಲಿ ಯಾವ ಅಕ್ಷರದಿಂದ ಮೂರನ್ನು ಎಣಿಸಿದರೂ ಆ ಅಕ್ಷರದ ಹೆಸರಿನ ಗಣವೇ ದೊರಕುತ್ತದೆ: ಯಮಾತಾ ಯಗಣ, ಮಾತಾರಾ ಮಗಣ, ಕೊನೆಗೆ ಸಲಗಂ ಸಗಣ. ಎಂಟು ಗಣಗಳೂ ಒಂದೊಂದೇ ಸಲ ಬರುತ್ತವೆ. ಲಘುವಿಗೆ 0, ಗುರುವಿಗೆ 1 ಎಂದು ಬರೆದು ನೋಡಿರಿ. ಯಗಣ 011, ಮಗಣ 111, ತಗಣ 110, ರಗಣ 101, ಜಗಣ 010, ಭಗಣ 100, ನಗಣ 000, ಸಗಣ 001. ಸೊನ್ನೆಯಿಂದ ಏಳರವರೆಗಿನ ಎಂಟು ಸಂಖ್ಯೆಗಳೂ ಆ ಒಂದೇ ಪದದೊಳಗೆ ಅಡಗಿವೆ. ಇಂಥ ಜೋಡಣೆಗೆ ಗಣಿತಜ್ಞರು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಹೆಸರಿಟ್ಟು ಅಭ್ಯಾಸ ಮಾಡಿದರು.

ಇನ್ನೂ ಮುಂದಕ್ಕೆ ಹೋಗೋಣ. ಪಿಂಗಲನ ಛಂದಃಶಾಸ್ತ್ರದಲ್ಲಿಯೂ, ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮನು ರಚಿಸಿದ ಛಂದೋಂಬುಧಿಯಲ್ಲಿಯೂ ಷಟ್‌ಪ್ರತ್ಯಯಗಳೆಂಬ ಭಾಗವಿದೆ. ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಆರು ಲೆಕ್ಕಗಳು. ಪ್ರಸ್ತಾರವೆಂದರೆ ಎಲ್ಲ ಗುರು ಲಘು ಜೋಡಣೆಗಳನ್ನೂ ಒಂದು ಕ್ರಮದಲ್ಲಿ ಹರಡಿ ಬರೆಯುವುದು. ಮೂರಕ್ಷರಕ್ಕೆ ಆ ಕ್ರಮ ಮ, ಯ, ರ, ಸ, ತ, ಜ, ಭ, ನ. ನಷ್ಟವೆಂದರೆ, ಇಷ್ಟನೆಯ ಸಾಲು ಅಳಿಸಿಹೋಗಿದೆ, ಅದರಲ್ಲಿ ಏನಿತ್ತು ಎಂದು ಕಂಡುಹಿಡಿಯುವುದು. ಆರನೆಯ ಸಾಲು ಬೇಕೆಂದು ಇಟ್ಟುಕೊಳ್ಳಿ. ಆರು ಸಮಸಂಖ್ಯೆ, ಲಘು ಬರೆದು ಅರ್ಧ ಮಾಡಿ, ಮೂರು ಬಂದಿತು. ಮೂರು ಬೆಸ, ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಿ, ಎರಡು ಬಂದಿತು. ಎರಡು ಸಮ, ಮತ್ತೆ ಲಘು. ಲಘು ಗುರು ಲಘು, ಅಂದರೆ ಜಗಣ. ಮೇಲಿನ ಪಟ್ಟಿಯಲ್ಲಿ ಆರನೆಯದು ಅದೇ ಅಲ್ಲವೆ? ಉದ್ದಿಷ್ಟವು ಇದರ ತಿರುವು. ಗಣ ಕೊಟ್ಟಿದ್ದಾರೆ, ಎಷ್ಟನೆಯ ಸಾಲು? ಅಕ್ಷರಗಳ ಮೇಲೆ ಕ್ರಮವಾಗಿ 1, 2, 4 ಎಂದು ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಿದರಾಯಿತು. ಜಗಣಕ್ಕೆ ಒಂದು, ನಾಲ್ಕು, ಮತ್ತೊಂದು, ಒಟ್ಟು ಆರು.

ಈಗ ಗಣಕದ ಪರೀಕ್ಷೆಯ ಪ್ರಶ್ನೆಗೆ ಬನ್ನಿರಿ. 13ಕ್ಕೆ ಸಮಾನವಾದ ದ್ವಿಮಾನ ಸಂಖ್ಯೆ ಯಾವುದು? ಎರಡರಿಂದ ಭಾಗಿಸುತ್ತ ಹೋಗಿ: 13ರಲ್ಲಿ 6, ಶೇಷ 1, 6ರಲ್ಲಿ 3, ಶೇಷ 0, 3ರಲ್ಲಿ 1, ಶೇಷ 1, 1ರಲ್ಲಿ 0, ಶೇಷ 1. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 1101. ಇದು ನಷ್ಟದ ಲೆಕ್ಕವೇ ತಾನೇ! ಒಂದೇ ವ್ಯತ್ಯಾಸವೆಂದರೆ ನಮ್ಮ ಛಂದಸ್ಸಿನವರು ಒಂದರಿಂದ ಎಣಿಸುತ್ತಾರೆ, ಯಂತ್ರವು ಸೊನ್ನೆಯಿಂದ ಎಣಿಸುತ್ತದೆ. ಈ ಮಾತನ್ನು ಜಗಲಿಯಲ್ಲಿ ಕುಳಿತ ಮಕ್ಕಳಿಗೆ ಹೇಳತೊಡಗಿದ ಮೇಲೆ ಅವರ ಮುಖದ ಮೇಲಿನ ಹೆದರಿಕೆ ಇಳಿಯುವುದನ್ನು ಕಂಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ. ಪಿಂಗಲನೇ ಕಂಪ್ಯೂಟರನ್ನು ಕಂಡುಹಿಡಿದ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತಿಗೆ ನನ್ನ ಸಮ್ಮತಿಯಿಲ್ಲ. ಅವನು ಎಣಿಸಿದ್ದು ವೃತ್ತಗಳ ಬಗೆಗಳನ್ನು. ದ್ವಿಮಾನ ಸಂಖ್ಯೆಗಳಲ್ಲಿ ಕೂಡುವ ಗುಣಿಸುವ ಗಣಿತವನ್ನು 1703ರ ತನ್ನ ಲೇಖನದಲ್ಲಿ ವಿವರಿಸಿದವನು ಜರ್ಮನಿಯ ಲೈಬ್ನಿಜ್. ತರ್ಕವನ್ನು ಬೀಜಗಣಿತವಾಗಿಸಿದವನು 1854ರಲ್ಲಿ ಜಾರ್ಜ್ ಬೂಲ್. ಅವರವರ ಕೀರ್ತಿ ಅವರವರಿಗೆ. ಪಿಂಗಲನಿಗೆ ಸಲ್ಲುವ ಕೀರ್ತಿಯೇ ಸಾಕಷ್ಟು ದೊಡ್ಡದು. ಇಲ್ಲದ್ದನ್ನು ಹೊದಿಸಿ ಅದನ್ನು ಹಾಸ್ಯಾಸ್ಪದ ಮಾಡಬಾರದು.

ಊರಿನ ಉದಾಹರಣೆಗಳಿಗೇನೂ ಬಡತನವಿರಲಿಲ್ಲ. ಉಡುಪಿಯ ಅಷ್ಟಮಠಗಳನ್ನು ತೆಗೆದುಕೊಳ್ಳಿ. ವಾದಿರಾಜರು 1522ರಲ್ಲಿ ಎರಡು ವರ್ಷಗಳ ಪರ್ಯಾಯವನ್ನು ನಿಯಮಿಸಿದರೆಂದು ಪರಂಪರೆ ಹೇಳುತ್ತದೆ. ಎಂಟು ಮಠಗಳು, ಹದಿನಾರು ವರ್ಷಗಳ ಒಂದು ಸುತ್ತು. ಪಲಿಮಾರು ಮಠಕ್ಕೆ 000 ಎಂದು ಕೊಟ್ಟು ಕ್ರಮವಾಗಿ ಎಣಿಸಿದರೆ ಪೇಜಾವರ ಮಠಕ್ಕೆ 111 ಬರುತ್ತದೆ. ಅದರ ಮುಂದೇನು? ಮೂರು ಮನೆಗಳೂ ತುಂಬಿದ ಮೇಲೆ ಒಂದನ್ನು ಕೂಡಿಸಿದರೆ ಯಂತ್ರ ಮತ್ತೆ 000ಕ್ಕೆ ಹೊರಳುತ್ತದೆ. ಸರದಿ ಪುನಃ ಪಲಿಮಾರಿಗೆ. ‘ಓವರ್‌ಫ್ಲೋ’ ಎಂಬ ಶಬ್ದಕ್ಕೆ ಇದಕ್ಕಿಂತ ಚೆನ್ನಾದ ವ್ಯಾಖ್ಯಾನವನ್ನು ನಾನು ಯಾವ ಗೈಡಿನಲ್ಲೂ ಕಂಡಿಲ್ಲ. ಕಾಪುವಿನ ಮಕ್ಕಳಿಗೆ 1901ರ ದೀಪಸ್ತಂಭವಿದೆ. ಬೆಳಕು, ಕತ್ತಲೆ ಎಂಬ ಎರಡೇ ಸ್ಥಿತಿಗಳಿಂದ, ಅವುಗಳ ಲಯದಿಂದ, ಇದು ಯಾವ ಊರಿನ ದೀಪವೆಂದು ಕಡಲಿನ ನಾವಿಕನು ಗುರುತಿಸುತ್ತಾನೆ. ಸಂಕೇತ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಆ ಊರಿನ ಮಗುವಿಗೆ ಬೇರೆ ಪುಸ್ತಕ ಏಕೆ?

ಭಾಷೆಯ ತೊಡಕು ಮಾತ್ರ ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸುವ ಕೆಲಸದಲ್ಲಿ ದೊಡ್ಡ ಪಾಲು ನಮ್ಮ ಸೀಮೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರದು, ಕೆ.ಪಿ. ರಾವ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮುದ್ರಣದ ಅಕ್ಷರವಿನ್ಯಾಸದಲ್ಲಿ ಪಳಗಿದ ಅವರು ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಅದಕ್ಕೆ ಮೊದಲು ಅನಂತಸುಬ್ಬರಾಯರ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಬೇಕಾಗಿತ್ತು. ತಲಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ರಾಯರ ಕ್ರಮದಲ್ಲಿ ನಾವು ಉಚ್ಚರಿಸಿದಂತೆ ಒತ್ತಿದರಾಯಿತು. ಅಕ್ಷರದ ಆಕಾರವನ್ನು ಕೂಡಿಸುವುದು ಯಂತ್ರದ ಹೊಣೆ. ವ್ಯಂಜನಕ್ಕೆ ವ್ಯಂಜನ ಕೂಡಿಸಬೇಕಾದರೆ ನಡುವೆ ಎಫ್ ಕೀಲಿ. ‘ಕಾರ್ಕಳ’ ಎಂದು ಬರೆಯಲು ಆರು ಒತ್ತುಗಳು: ಕ, ದೀರ್ಘ, ರ, ಎಫ್, ಕ, ಳ. ಕೈಯಲ್ಲಿ ಬರೆಯುವಾಗ ಅರ್ಕಾವೊತ್ತನ್ನು ‘ಕ’ದ ಆಚೆಗೆ ಬರೆಯುತ್ತೇವೆ, ಆದರೆ ನಾಲಗೆಯಲ್ಲಿ ‘ರ್’ ಮೊದಲು ಬರುತ್ತದೆ. ಇಲ್ಲಿ ಕೀಲಿಮಣೆ ನಾಲಗೆಯನ್ನು ಅನುಸರಿಸಿತು. ಇದನ್ನು ಅವರು ಹಣಕ್ಕಾಗಿ ಕಟ್ಟಿಹಾಕದೆ ಎಲ್ಲರ ಬಳಕೆಗೆ ಬಿಟ್ಟರು. ಈ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ರಾಜ್ಯದ ಅಧಿಕೃತ ಕೀಲಿಮಣೆಯಾಯಿತು.

ರಾಯರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ಸೇಡಿಯಾಪು ಕೃಷ್ಣಭಟ್ಟರು (1902–1996) ನಮ್ಮ ಕರಾವಳಿಯ ಮಹಾವಿದ್ವಾಂಸರು, ‘ಛಂದೋಗತಿ’ಯನ್ನು ಬರೆದವರು. ಗುರು ಲಘುಗಳ ಮರ್ಮವನ್ನು ಅರಿತವರ ಹೆಸರನ್ನು 0 ಮತ್ತು 1ರ ಯಂತ್ರಕ್ಕೆ ಇಟ್ಟದ್ದನ್ನು ತಿಳಿದ ದಿನ ನಾನು ಬಹಳ ಸಂತೋಷಪಟ್ಟೆ.

2001ರಲ್ಲಿ ರಾಜ್ಯ ಸರಕಾರದ ‘ಮಾಹಿತಿ ಸಿಂಧು’ ಯೋಜನೆ ಬಂದಿತು. ಒಂದು ಸಾವಿರ ಸರಕಾರಿ ಪ್ರೌಢಶಾಲೆಗಳಿಗೆ ಗಣಕಗಳು, ಕಲಿಸಲು ಖಾಸಗಿ ಸಂಸ್ಥೆಗಳ ಬೋಧಕರು. ಒಳ್ಳೆಯ ಯೋಜನೆಯೇ. ಗುತ್ತಿಗೆಯ ಅವಧಿ ಮುಗಿದ ಮೇಲೆ ಎಷ್ಟೋ ಕಡೆ ಯಂತ್ರಗಳ ಮೇಲೆ ಬಟ್ಟೆಯ ಹೊದಿಕೆ ಉಳಿಯಿತು, ಬೋಧಕರು ಉಳಿಯಲಿಲ್ಲ.

ಸುಮಾರಾಗಿ ಅದೇ ಕಾಲಕ್ಕೆ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲೂಕುಗಳ ಪಹಣಿಗಳು ಗಣಕಕ್ಕೆ ಸೇರಿದವು. ಮೊದಲು ಶ್ಯಾನುಭಾಗರು, ಅವರ ವಂಶಪಾರಂಪರ್ಯದ ಹುದ್ದೆ ರದ್ದಾದ ಬಳಿಕ ಗ್ರಾಮಲೆಕ್ಕಿಗರು, ಕೈಯಲ್ಲಿ ಬರೆದಿಡುತ್ತಿದ್ದ ಕಾಗದ ಅದು. ಕೈಬರಹದ ಪಹಣಿಯ ಕಾಲ ಮುಗಿಯಿತು. ಇಲ್ಲಿಂದ ಪರೀಕ್ಷೆಯ ಚರಿತ್ರೆ ವಿಚಿತ್ರವಾದ ತಿರುವನ್ನು ಪಡೆಯುತ್ತದೆ. ಅಲ್ಲಿಯವರೆಗೆ ಹೆತ್ತವರು ಮಕ್ಕಳನ್ನು ಪರೀಕ್ಷೆಗೆ ಕಳುಹಿಸುತ್ತಿದ್ದರು. ಈಗ ಹೆತ್ತವರೇ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು. 2012ರಲ್ಲಿ ಕರ್ನಾಟಕ ಸರಕಾರವು ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ತಂದಿತು. ಪರೀಕ್ಷೆ ನಡೆಸುವ ಹೊಣೆಯನ್ನು ಕಿಯೋನಿಕ್ಸ್ ಸಂಸ್ಥೆ ಹೊತ್ತಿತು. ಉತ್ತೀರ್ಣರಾಗದಿದ್ದರೆ ಬಡ್ತಿಗೂ ವೇತನ ಬಡ್ತಿಗೂ ತೊಡಕು. ಗಡುವನ್ನು ಮುಂದೂಡಿದರು, ಮತ್ತೆ ಮುಂದೂಡಿದರು. ಎಷ್ಟು ಮಂದಿಗೆ ಅದು ಕಷ್ಟವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾರ್ಕಳ ತಾಲೂಕಿನಲ್ಲಿ ಗ್ರಾಮಲೆಕ್ಕಿಗನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆಗ ರಾತ್ರಿ ಊಟವಾದ ಮೇಲೆ ಹೈಸ್ಕೂಲು ಓದುವ ಮಗಳ ಪಕ್ಕದಲ್ಲಿ ಕುಳಿತು ಕಲಿತನು. ಇಪ್ಪತ್ತು ವರ್ಷ ಜಮೀನಿನ ಗಡಿ, ಸರ್ವೆ ನಂಬರು, ಸೆಂಟ್ಸಿನ ಲೆಕ್ಕಗಳನ್ನು ತಲೆಯಲ್ಲಿ ಇಟ್ಟುಕೊಂಡವನಿಗೆ ಸ್ಪ್ರೆಡ್‌ಶೀಟಿನ ಸಾಲು, ಅಡ್ಡಸಾಲುಗಳು ಹೊಸತೆನಿಸಲಿಲ್ಲ. ಅವನನ್ನು ಕಾಡಿದ್ದು ಮೌಸು. “ಕೈ ನಡುಗ್ತದೆ ಮಾಷ್ಟ್ರೇ, ಎರಡು ಸಲ ಒತ್ತು ಅಂದ್ರೆ ಮೂರು ಸಲ ಒತ್ತಿಹೋಗ್ತದೆ” ಎನ್ನುತ್ತಿದ್ದ. ಮಗಳು ಅವನಿಗೆ ಇಸ್ಪೀಟಿನ ಆಟ ಹಾಕಿಕೊಟ್ಟಳಂತೆ. ಎಲೆಗಳನ್ನು ಎಳೆದೆಳೆದು ಕೈ ಹದಕ್ಕೆ ಬಂದಿತು. ಎರಡನೆಯ ಪ್ರಯತ್ನದಲ್ಲಿ ಅವನು ಉತ್ತೀರ್ಣನಾದನು. ಆ ಪರೀಕ್ಷೆಯಲ್ಲಿ ‘ಗಣಕದ ತಂದೆ ಯಾರು’ ಎಂದು ತಿಳಿದಿದ್ದರಷ್ಟೇ ಸಾಲದು. ಪತ್ರವೊಂದನ್ನು ಬೆರಳಚ್ಚಿಸಿ, ಕೋಷ್ಟಕ ಹಾಕಿ, ಮೊತ್ತ ತೆಗೆದು ತೋರಿಸಬೇಕು. ನನ್ನ ಅಭಿಪ್ರಾಯದಲ್ಲಿ ಈ ನಲವತ್ತು ವರ್ಷಗಳಲ್ಲಿ ನಮ್ಮವರು ಬರೆದ ಗಣಕ ಪರೀಕ್ಷೆಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕವಾದದ್ದು ಇದು. ಆದರೆ ಇದರಲ್ಲಿ ‘ಹೇಗೆ’ ಎಂಬುದಿದೆ, ‘ಏಕೆ’ ಎಂಬುದಿಲ್ಲ. ಹಿಂದಿನ ಡಿಸಿಎ ಪತ್ರಿಕೆಯಲ್ಲಿ ‘ಏಕೆ’ಯ ಹೆಸರು ಮಾತ್ರ ಇತ್ತು, ‘ಹೇಗೆ’ ಇರಲಿಲ್ಲ. ಎರಡನ್ನೂ ಕೂಡಿಸಿದ ಪತ್ರಿಕೆಯನ್ನು ನಾನು ಇನ್ನೂ ನೋಡಬೇಕಾಗಿದೆ. 2021–22ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಪದವಿ ತರಗತಿಗಳಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ವಿಷಯವನ್ನು ತಂದರು. 2024ರಲ್ಲಿ ರಾಜ್ಯವು ಆ ಪದವಿ ವ್ಯವಸ್ಥೆಯನ್ನೇ ಬದಲಿಸಿತು.

ಹಾಗಾದರೆ ಹೇಗೆ ಓದುವುದು? ಮೊದಲ ಪ್ರಶ್ನೆಗೆ ಬರುತ್ತೇನೆ. ತಲೆಮಾರುಗಳ ಪಟ್ಟಿಯನ್ನು ಕೊನೆಯ ದಿನ ಓದಿದರೆ ಸಾಕು, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಇಂಗ್ಲಿಷ್ ಪಾರಿಭಾಷಿಕ ಶಬ್ದಗಳನ್ನು ಒಂದು ನೋಟುಬುಕ್ಕಿನ ಎಡಬದಿಗೆ ಬರೆದು, ಬಲಬದಿಗೆ ನಿಮ್ಮ ಮನೆಮಾತಿನಲ್ಲಿ, ಅದು ತುಳುವೋ ಕೊಂಕಣಿಯೋ ಕನ್ನಡವೋ, ಅರ್ಥ ಬರೆಯಿರಿ. ಸಂಖ್ಯಾಪದ್ಧತಿಯ ಲೆಕ್ಕಗಳನ್ನು ದಿನಕ್ಕೆ ಹತ್ತರಂತೆ ಬಿಡಿಸಿರಿ. ಪುಸ್ತಕ ಹೇಳಿದ್ದನ್ನು ಯಂತ್ರದ ಮುಂದೆ ಕುಳಿತು ಒಮ್ಮೆ ಮಾಡಿ ನೋಡಿರಿ. ಈಗ ಜೇಬಿನಲ್ಲಿಯೇ ಯಂತ್ರವಿರುವಾಗ ನೆಪ ಹೇಳುವಂತಿಲ್ಲ.

ಇನ್ನೊಂದು ವಿಷಯ. ಗೈಡುಗಳಲ್ಲಿ ‘ಒಂದು ಅಕ್ಷರಕ್ಕೆ ಒಂದು ಬೈಟ್’ ಎಂದಿರುತ್ತದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ, ಅಂಕ ಸಿಗುತ್ತದೆ. ಆದರೆ ಅದು ಇಂಗ್ಲಿಷ್ ಅಕ್ಷರಗಳಿಗೆ ಸಲ್ಲುವ ಮಾತೆಂದು ತಿಳಿದಿರಲಿ. ಇಂದು ಜಾಲತಾಣಗಳಲ್ಲಿ ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ವ್ಯಂಜನ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರದ ನಡುವಿನ ವಿರಾಮ ಮತ್ತೊಂದು. ಹಾಗಾಗಿ ‘ಕಾಪು’ ಎಂದರೆ ನಾಲ್ಕು ಸಂಕೇತ, 12 ಬೈಟ್. ‘ಉಡುಪಿ’ ಐದು ಸಂಕೇತ, 15 ಬೈಟ್. ‘ಮಣಿಪಾಲ’ ಆರು, 18 ಬೈಟ್. ‘ಕಾರ್ಕಳ’ವೂ ಅಷ್ಟೇ, ಮೇಲೆ ಎಣಿಸಿದ ಆರು ಒತ್ತುಗಳಿಗೆ ಆರು ಸಂಕೇತಗಳು. ನಿಮ್ಮ ಹೆಸರನ್ನೂ ಮನೆಯವರ ಹೆಸರನ್ನೂ ಹೀಗೆ ಎಣಿಸಿ ನೋಡಿರಿ, ಅಭ್ಯಾಸವಾಗುತ್ತದೆ. ಆ ಹಳೆಯ ಬಿಬಿಸಿ ಮೈಕ್ರೋದ 32 ಕಿಲೋಬೈಟ್ ಅಂದರೆ 32,768 ಬೈಟ್. ಮೂರರಿಂದ ಭಾಗಿಸಿದರೆ ಹನ್ನೊಂದು ಸಾವಿರ ಸಂಕೇತಗಳಿಗೂ ಸ್ವಲ್ಪ ಕಡಿಮೆ. ಈ ಲೇಖನವನ್ನು ಅದರೊಳಗೆ ತುಂಬಹೊರಟಿದ್ದರೆ ಛಂದಸ್ಸಿನ ಪಾಠ ಮುಗಿಯುವ ಸುಮಾರಿಗೇ ಜಾಗ ಮುಗಿದುಹೋಗುತ್ತಿತ್ತು.